ಬಾಳೆಹೂವು: ಮುಟ್ಟಿನ ಅತಿಸ್ರಾವಕ್ಕೆ ತುಪ್ಪದ ಪಲ್ಯ, ಸಡಿಲ ಹೊಟ್ಟೆಗೆ ತಂಬುಳಿ

ಬಾಳೆಗೊನೆಯ ತುದಿಯಲ್ಲಿ ಇಳಿಬಿದ್ದ ನೇರಳೆ ಮೊಗ್ಗನ್ನು ಕೊಯ್ದು ಗೊಬ್ಬರದ ಗುಂಡಿಗೆ ಎಸೆಯುವ ತೋಟಗಳು ಈಗಲೂ ಎಷ್ಟೋ ಇವೆ. ಇತ್ತ ಪೇಟೆಯಲ್ಲಿ ಅದನ್ನೇ ದುಡ್ಡು ಕೊಟ್ಟು ತಂದವರು ಒಗರು ಹೋಗಲಿ ಎಂದು ಎರಡೆರಡು ಸಲ ಕುದಿಸಿ, ನೀರು ಬಸಿದು, ಹಿಂಡಿ ಹಿಂಡಿ ಉಳಿದ ನಾರಿಗೆ ಒಗ್ಗರಣೆ ಹಾಕುತ್ತಾರೆ. ಹಾಗೆ ಮಾಡಿದರೆ ಪಲ್ಯವೇನೋ ಆಗುತ್ತದೆ, ಆದರೆ ಔಷಧವಾಗಬೇಕಾದದ್ದು ಬಸಿದ ನೀರಿನ ಜೊತೆ ಹೋಗಿರುತ್ತದೆ. ಬಾಳೆಹೂವಿನ ಔಷಧ ಇರುವುದೇ ಅದರ ಒಗರಿನಲ್ಲಿ. ಎಷ್ಟು ಒಗರು ಕಳೆಯಬೇಕು, ಎಷ್ಟು ಉಳಿಸಬೇಕು, ಯಾವ ತೊಂದರೆಗೆ ಹೇಗೆ ಬೇಯಿಸಿ ಯಾವಾಗ ಉಣ್ಣಬೇಕು ಎಂಬುದನ್ನು ಇಲ್ಲಿ ಒಂದೊಂದೇ ಹಂತವಾಗಿ ಬರೆದಿದ್ದೇನೆ. ಇದಕ್ಕೆ ದಕ್ಷಿಣ ಕನ್ನಡದ ಮನೆಗಳಲ್ಲಿ ಕುಂಡಿಗೆ, ತುಳುವಿನಲ್ಲಿ ಪೂಂಬೆ, ಕೊಂಕಣಿಯಲ್ಲಿ ಬೊಂಡಿ ಎನ್ನುತ್ತಾರೆ. ಕೆಲವು ಕಡೆ ಬಾಳೆಮೋತೆ ಎಂದು ಕೇಳಿದರೆ ಮಾತ್ರ ಅಂಗಡಿಯವರಿಗೆ ಗೊತ್ತಾಗುತ್ತದೆ.

ಗ್ರಂಥ ಏನು ಹೇಳುತ್ತದೆ

16ನೇ ಶತಮಾನದ ಭಾವಮಿಶ್ರ ತನ್ನ ಭಾವಪ್ರಕಾಶದಲ್ಲಿ ತರಕಾರಿಗಳನ್ನು ಆರು ಬಗೆಯಾಗಿ ವಿಂಗಡಿಸುತ್ತಾನೆ: ಎಲೆ, ಹೂ, ಕಾಯಿ, ದಂಟು, ಗೆಡ್ಡೆ, ಅಣಬೆಯಂಥವು. ಒಂದಕ್ಕಿಂತ ಮುಂದಿನದು ಜೀರ್ಣವಾಗಲು ಹೆಚ್ಚು ಭಾರ ಎಂದೂ ಹೇಳುತ್ತಾನೆ. ಅಂದರೆ ಹೂವು ಸೊಪ್ಪಿಗಿಂತ ಭಾರ, ಕಾಯಿಗಿಂತ ಹಗುರ. ಹೂವಿನ ತರಕಾರಿಗಳಲ್ಲಿ ಅಗಸೆ, ಬಾಳೆ, ನುಗ್ಗೆ, ಬೂರುಗದ ಹೂಗಳು ಬರುತ್ತವೆ. ಬಾಳೆಹೂವು ಸ್ನಿಗ್ಧ (ಜಿಡ್ಡಿನ ಗುಣದ್ದು), ಸಿಹಿ ಮತ್ತು ಒಗರು ರುಚಿಯದ್ದು, ಜೀರ್ಣಕ್ಕೆ ಗುರು (ಭಾರ), ತಂಪು. ವಾತಪಿತ್ತಗಳನ್ನು ತಗ್ಗಿಸುತ್ತದೆ, ರಕ್ತಪಿತ್ತ ಮತ್ತು ಕ್ಷಯಕ್ಕೆ (ಮೈ ಸೊರಗುವುದಕ್ಕೆ) ಹಿತ. ಅದರ ಬಗ್ಗೆ ಅಲ್ಲಿರುವುದು ಇಷ್ಟೇ. ರಕ್ತಪಿತ್ತ ಎಂದರೆ ಮೂಗು, ಬಾಯಿ, ಮೂತ್ರದ್ವಾರ, ಗುದ, ಯೋನಿ ಇವುಗಳಿಂದ ರಕ್ತ ಹೋಗುವ ತೊಂದರೆಗಳಿಗೆ ಆಯುರ್ವೇದ ಇಟ್ಟ ಒಟ್ಟು ಹೆಸರು.

ಹೆಂಗಸರ ಅತಿಸ್ರಾವಕ್ಕೆ, ಅಂದರೆ ಪ್ರದರಕ್ಕೆ, ಭಾವಮಿಶ್ರ ಹೆಸರು ಹಿಡಿದು ಹೇಳುವ ಹೂವು ಬಾಳೆಯದಲ್ಲ, ಬೂರುಗದ್ದು. ತುಪ್ಪ ಮತ್ತು ಸೈಂಧವ ಲವಣ ಹಾಕಿ ಬೇಯಿಸಿದ ಬೂರುಗದ ಹೂವಿನ ಪಲ್ಯ ಬಿಡದ ಪ್ರದರವನ್ನೂ ನಿಲ್ಲಿಸುತ್ತದೆ ಎಂದು ಖಡಾಖಂಡಿತವಾಗಿ ಬರೆಯುತ್ತಾನೆ. ಆದರೆ ಕೆಂಪು ಬೂರುಗ ಹೂ ಬಿಡುವುದು ಶಿವರಾತ್ರಿಯ ಆಸುಪಾಸಿನಲ್ಲಿ, ಅದೂ ಎತ್ತರದ ಮರದ ತುದಿಯಲ್ಲಿ. ಬಾಳೆ ಹಾಗಲ್ಲ, ವರ್ಷವಿಡೀ ಎಲ್ಲಾದರೊಂದು ಕಡೆ ಮೊಗ್ಗು ಬಿಟ್ಟಿರುತ್ತದೆ. ಮನೆಮದ್ದಿನಲ್ಲಿ ಬಾಳೆಹೂವು ಮುಂದೆ ಬರಲು ಈ ಅನುಕೂಲವೂ ಒಂದು ಕಾರಣ ಎಂದು ನನಗೆ ಅನಿಸುತ್ತದೆ. ಒಗರು, ತಂಪು, ರಕ್ತ ತಡೆಯುವ ಗುಣ ಇರುವುದರಿಂದ ಆ ತುಪ್ಪ ಮತ್ತು ಸೈಂಧವದ ಕ್ರಮವನ್ನೇ ಬಾಳೆಹೂವಿಗೂ ಬಳಸುವುದು ಯುಕ್ತ. ನಾನು ಕೆಳಗೆ ಹೇಳುವ ಪಲ್ಯ ಆ ಜಾಡಿನದು.

ಹೂವು ಆರಿಸುವುದು

ಗೊನೆಯಲ್ಲಿ ಮೊದಲು ತೆರೆಯುವ ಎಸಳುಗಳ ಅಡಿಯಲ್ಲಿ ಹೆಣ್ಣು ಹೂಗಳಿರುತ್ತವೆ. ಅವೇ ಚಿಪ್ಪುಚಿಪ್ಪಾಗಿ ಕಾಯಿಯಾಗುವುದು. ಅವು ಮುಗಿದ ಮೇಲೆ ತುದಿಯಲ್ಲಿ ಉಳಿಯುವ ಮೊಗ್ಗಿನ ತುಂಬ ಗಂಡು ಹೂಗಳು. ನಾವು ತಿನ್ನುವುದು ಇವನ್ನು. ಕೊನೆಯ ಚಿಪ್ಪು ಬಂದ ಮೇಲೆ ಮೊಗ್ಗನ್ನು ಕೊಯ್ದರೆ ಗಿಡದ ಶಕ್ತಿ ಕಾಯಿಗೆ ಹೋಗುತ್ತದೆಂದು ಬೆಳೆಗಾರರು ಹೇಗೂ ಅದನ್ನು ತೆಗೆಯುತ್ತಾರೆ. ಆದ್ದರಿಂದ ಹಳ್ಳಿಯಲ್ಲಿ ಪರಿಚಯದ ತೋಟವಿದ್ದರೆ ಕೊಯ್ಯುವ ದಿನ ಹೇಳಿಟ್ಟು ತರುವುದು ಎಲ್ಲಕ್ಕಿಂತ ಒಳ್ಳೆಯದು. ಗೊನೆಗೆ ಔಷಧಿ ಹೊಡೆದಿದ್ದಾರೆಯೇ ಎಂದು ಆಗಲೇ ಕೇಳಿಬಿಡಿ. ವ್ಯಾಪಾರಿ ತೋಟಗಳಲ್ಲಿ ಗೊನೆ ಹೊರಬೀಳುವ ಹೊತ್ತಿಗೆ ಕೀಟನಾಶಕ ಸಿಂಪಡಿಸುವುದುಂಟು, ಆ ಹೂವು ಮದ್ದಿಗೆ ಬೇಡ.

ಅಂಗಡಿಯಲ್ಲಿ ತೆಗೆದುಕೊಳ್ಳುವಾಗ ಕೈಯಲ್ಲಿ ಹಿಡಿದು ನೋಡಿ. ಗಾತ್ರಕ್ಕೆ ತಕ್ಕ ಭಾರವಿರಬೇಕು, ಎಸಳುಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರಬೇಕು, ಮೇಲೆ ಬೂದಿ ಬಳಿದಂಥ ತೆಳು ಹೊಳಪು ಇರಬೇಕು. ಕೊಯ್ದ ತೊಟ್ಟಿನಲ್ಲಿ ಸೊನೆ ಇನ್ನೂ ಹಸಿಯಾಗಿದ್ದರೆ ಅದು ಆ ದಿನದ್ದು. ಎಸಳು ಬಿಟ್ಟುಕೊಂಡು ಒಳಗಿನ ಹೂಗಳು ಕಂದಾಗಿ ಇಣುಕುತ್ತಿದ್ದರೆ ಬಿಟ್ಟುಬಿಡಿ. ತಳಿಯಲ್ಲಿ ನನ್ನ ಮೊದಲ ಆಯ್ಕೆ ಏಲಕ್ಕಿ ಬಾಳೆ. ಅದರ ಒಗರು ಹದವಾಗಿದೆ, ಕಹಿ ಕಡಿಮೆ. ಕೆಲವು ತಳಿಗಳ ಹೂವು ಒಗರಿನ ಜೊತೆ ಕಹಿಯೂ ಇರುತ್ತದೆ, ಅವಕ್ಕೆ ನೆನೆಸುವ ಹೊತ್ತು ಹೆಚ್ಚು ಬೇಕು. ಯಾವ ತಳಿಯೆಂದು ಗೊತ್ತಿಲ್ಲದಿದ್ದರೆ ಒಳಗಿನ ಬಿಳಿ ಮೊಗ್ಗಿನ ಚೂರೊಂದನ್ನು ನಾಲಗೆಯ ಮೇಲಿಟ್ಟು ನೋಡಿ, ಅಲ್ಲೇ ತಿಳಿಯುತ್ತದೆ.

ಬಿಡಿಸುವುದು

ಬಾಳೆಹೂವಿನ ಕೆಲಸದಲ್ಲಿ ಅರ್ಧ ಇದೇ. ಮೊದಲು ಹೆಚ್ಚಿದ್ದನ್ನು ಹಾಕಲು ಒಂದು ಪಾತ್ರೆ ಸಿದ್ಧ ಮಾಡಿಕೊಳ್ಳಿ: ಒಂದು ಲೀಟರ್ ನೀರಿಗೆ ಒಂದು ಲೋಟ ಹುಳಿ ಮಜ್ಜಿಗೆ, ಅರ್ಧ ಚಮಚ ಉಪ್ಪು, ಚಿಟಿಕೆ ಅರಿಶಿನ. ಕೈಗೂ ಚಾಕುವಿಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಇಲ್ಲದಿದ್ದರೆ ಸೊನೆಯ ಕರೆ ಬೆರಳಿನಿಂದ ಎರಡು ದಿನವಾದರೂ ಹೋಗುವುದಿಲ್ಲ, ಬಟ್ಟೆಗೆ ಬಿದ್ದರೆ ಹೋಗುವುದೇ ಇಲ್ಲ. ಹಳೆಯ ಬಟ್ಟೆಯೊಂದನ್ನು ಮಡಿಲ ಮೇಲೆ ಹಾಸಿಕೊಂಡು ಕೂರುವುದು ಜಾಣತನ.

ಹೊರಗಿನ ನೇರಳೆ ಎಸಳನ್ನು ಬುಡದಿಂದ ಹಿಂದಕ್ಕೆ ಬಗ್ಗಿಸಿದರೆ ತಾನೇ ಕಳಚಿ ಬರುತ್ತದೆ. ಅದರ ಅಡಿಯಲ್ಲಿ ತಿಳಿಹಳದಿ ಹೂಗಳು ಎರಡು ಸಾಲಾಗಿ ಕೂತಿರುತ್ತವೆ. ಇಡೀ ಗೊಂಚಲನ್ನು ಒಟ್ಟಿಗೆ ಕಿತ್ತು ತೆಗೆಯಿರಿ. ಎಸಳು ದಪ್ಪ, ನಾರು, ತಿನ್ನಲು ಬಾರದು, ದನಕ್ಕೆ ಹಾಕಬಹುದು. ಹೀಗೆ ಒಂದೊಂದೇ ಎಸಳು ತೆಗೆಯುತ್ತ ಒಳಗೆ ಹೋಗಿ.

ಈಗ ಒಂದು ಹೂವನ್ನು ಬೆಳಕಿಗೆ ಹಿಡಿದು ನೋಡಿ. ತುದಿಯ ಹಳದಿ ದಳವನ್ನು ಬಿಡಿಸಿದರೆ ಒಳಗೆ ತೆಳ್ಳನೆಯ ಕೇಸರಗಳ ನಡುವೆ ಒಂದೇ ಒಂದು ಗಟ್ಟಿ ಕಡ್ಡಿ ನೆಟ್ಟಗೆ ನಿಂತಿರುತ್ತದೆ, ಅದರ ತುದಿಗೆ ಪುಟ್ಟ ಉರುಟು ತಲೆ. ಬೆರಳಲ್ಲಿ ಬಗ್ಗಿಸಿದರೆ ಬಗ್ಗುವುದಿಲ್ಲ, ಎಷ್ಟು ಬೇಯಿಸಿದರೂ ಬೇಯುವುದೂ ಇಲ್ಲ. ಇದನ್ನು ಬುಡದಿಂದ ಕೀಳಬೇಕು. ಹೂವಿನ ಒಂದು ಮಗ್ಗುಲಲ್ಲಿ, ಬುಡದ ಹತ್ತಿರ, ಪ್ಲಾಸ್ಟಿಕ್ಕಿನಂತೆ ಆರಪಾರು ಕಾಣುವ ಒಂದು ಚಿಕ್ಕ ಸಿಪ್ಪೆ ಅಂಟಿಕೊಂಡಿರುತ್ತದೆ. ಅದನ್ನೂ ತೆಗೆಯಬೇಕು. ಈ ಎರಡನ್ನು ಬಿಟ್ಟರೆ ಉಳಿದದ್ದೆಲ್ಲ ತಿನ್ನುವ ಭಾಗ. ಕೆಲಸ ಬೇಗ ಸಾಗಬೇಕೆಂದರೆ ಒಂದು ಹಿಡಿ ಹೂಗಳ ತುದಿಯನ್ನು ಅಂಗೈ ಮೇಲೆ ಮೆಲ್ಲಗೆ ತಿಕ್ಕಿ. ದಳಗಳು ಬಿಚ್ಚಿಕೊಂಡು ಕಡ್ಡಿಗಳು ಮೇಲೆ ಎದ್ದು ನಿಲ್ಲುತ್ತವೆ, ಸಾಲಾಗಿ ಎಳೆದು ಹಾಕಬಹುದು.

ಒಳಗೆ ಹೋದಂತೆ ಹೂಗಳು ಎಳೆಯವಾಗುತ್ತ ಬರುತ್ತವೆ, ಕಡ್ಡಿಯೂ ಮೆತ್ತಗಾಗುತ್ತದೆ. ಎಸಳು ನೇರಳೆ ಬಿಟ್ಟು ಬಿಳಿಗೆ ತಿರುಗಿದ ಮೇಲೆ ಬಿಡಿಸುವ ಅಗತ್ಯವೇ ಇಲ್ಲ. ಆ ನಡುವಿನ ಮೊಗ್ಗನ್ನು ಇಡಿಯಾಗಿ ಹೆಚ್ಚಿ. ಎಷ್ಟೋ ಜನ ಬಿಡಿಸುವ ಬೇಸರಕ್ಕೆ ಈ ಮೊಗ್ಗೊಂದನ್ನೇ ಬಳಸಿ ಹೂಗಳನ್ನು ಬಿಸಾಡುತ್ತಾರೆ. ಒಗರು ಹೆಚ್ಚು ಇರುವುದು ಹೂಗಳಲ್ಲಿ, ಹಾಗಾಗಿ ಮದ್ದಿಗೆಂದು ಮಾಡುವಾಗ ಎರಡೂ ಬೇಕು.

ನೆನೆಸುವ ಹದ

ಹೆಚ್ಚಿದ ಚೂರು ಗಾಳಿಗೆ ನಿಮಿಷದೊಳಗೆ ಕಪ್ಪಾಗುತ್ತದೆ. ಹೂವಿನೊಳಗಿನ ಒಗರು ಪದಾರ್ಥಗಳನ್ನು ಅದರದೇ ಕಿಣ್ವವೊಂದು ಗಾಳಿಯ ಆಮ್ಲಜನಕದ ಜೊತೆ ಸೇರಿಸಿ ಕಪ್ಪು ಮಾಡುತ್ತದೆ. ಮಜ್ಜಿಗೆಯ ಹುಳಿ ಆ ಕಿಣ್ವವನ್ನು ತಡೆಯುತ್ತದೆ. ಆದ್ದರಿಂದ ಮಣೆಯ ಮೇಲೆ ರಾಶಿ ಹಾಕದೆ, ಸಣ್ಣಗೆ ಹೆಚ್ಚಿದ ಹಾಗೆ ಹಾಗೆಯೇ ಮಜ್ಜಿಗೆ ನೀರಿಗೆ ಹಾಕುತ್ತ ಹೋಗಿ.

ಏಲಕ್ಕಿ ಬಾಳೆಯ ಹೂವಿಗೆ ಅರ್ಧ ಗಂಟೆ ನೆನೆಸಿದರೆ ಸಾಕು. ಕಹಿ ಇರುವ ತಳಿಗೆ ಒಂದು ಗಂಟೆ, ಅದಕ್ಕೂ ಹೋಗದಿದ್ದರೆ ಒಮ್ಮೆ ನೀರು ಬದಲಿಸಿ ಇನ್ನೊಂದು ಗಂಟೆ. ಸೊನೆಯ ಅಂಟು ಹೋಗಬೇಕು, ಕಹಿ ಹೋಗಬೇಕು, ಒಗರು ಮಾತ್ರ ಉಳಿಯಬೇಕು. ಹದ ತಿಳಿಯಲು ಒಂದು ಚೂರು ಅಗಿದು ನೋಡಿ: ನಾಲಗೆಯ ಅಂಚು ತುಸು ಬಿಗಿದಂತಾಗಬೇಕು, ಗಂಟಲು ಹಿಡಿಯಬಾರದು. ಆಮೇಲೆ ಒಂದೇ ಸಲ ಹಗುರವಾಗಿ ಹಿಂಡಿ ತೆಗೆಯಿರಿ. ರಾತ್ರಿಯಿಡೀ ನೆನೆಸುವುದು, ನೀರಲ್ಲಿ ಕುದಿಸಿ ಬಸಿಯುವುದು, ಮತ್ತೆ ಹಿಂಡುವುದು ಇವು ಮೂರೂ ಮದ್ದಿನ ಅಡುಗೆಗೆ ಬೇಡವೇ ಬೇಡ.

ಮುಂದಿನ ಹಂತ ಆವಿಯಲ್ಲಿ ಬೇಯಿಸುವುದು. ಹಿಂಡಿದ ಹೂವಿಗೆ ಚಿಟಿಕೆ ಅರಿಶಿನ ಬೆರೆಸಿ ಇಡ್ಲಿ ಪಾತ್ರೆಯಲ್ಲಿ ಹತ್ತು ನಿಮಿಷ ಇಡಿ. ಕುಕ್ಕರಿನಲ್ಲಾದರೆ ಒಂದು ಸೀಟಿ, ಆದರೆ ಹೂವನ್ನು ನೀರಿಗೆ ನೇರವಾಗಿ ಹಾಕದೆ ಮೇಲಿನ ಬಟ್ಟಲಿನಲ್ಲಿಡಿ. ಬಟ್ಟಲಲ್ಲಿ ಊರಿದ ರಸವನ್ನು ಚೆಲ್ಲದೆ ಅಡುಗೆಗೇ ಸೇರಿಸಿ. ಮಧ್ಯಮ ಗಾತ್ರದ ಒಂದು ಹೂವಿನಿಂದ ಬೆಂದದ್ದು ಸುಮಾರು ಎರಡು ಬಟ್ಟಲು ಸಿಗುತ್ತದೆ.

ಮೊಸರಿನ ವಿಷಯ

ಮುಟ್ಟಿನ ಅತಿಸ್ರಾವಕ್ಕೆ ಬೇಯಿಸಿದ ಬಾಳೆಹೂವನ್ನು ಮೊಸರಿನ ಜೊತೆ ತಿನ್ನಿ ಎನ್ನುವ ಸಲಹೆಯನ್ನು ನೀವು ಕೇಳಿರುತ್ತೀರಿ. ಎಲ್ಲೆಡೆ ಅದನ್ನೇ ಹೇಳುತ್ತಾರೆ, ಆಯುರ್ವೇದದ ಹೆಸರಿನಲ್ಲೇ ಹೇಳುತ್ತಾರೆ. ಆದರೆ ಆಯುರ್ವೇದದ ಮೂಲಗ್ರಂಥಗಳು ಹೇಳುವುದು ಬೇರೆ. ಮೊಸರನ್ನು ರಾತ್ರಿ ತಿನ್ನಬಾರದು, ಬಿಸಿ ಮಾಡಿ ತಿನ್ನಬಾರದು, ತುಪ್ಪ, ಸಕ್ಕರೆ, ಹೆಸರುಬೇಳೆಯ ಕಟ್ಟು, ಜೇನು, ನೆಲ್ಲಿಕಾಯಿ ಇಂಥ ಯಾವುದೂ ಇಲ್ಲದೆ ಬರಿದೇ ತಿನ್ನಬಾರದು ಎನ್ನುತ್ತದೆ ಚರಕಸಂಹಿತೆ. ಕ್ರಮ ಮೀರಿ ಮೊಸರು ತಿನ್ನುವವರಿಗೆ ಬರುವ ಕಾಯಿಲೆಗಳ ಸಾಲಿನಲ್ಲಿ ಅದು ಜ್ವರದ ಪಕ್ಕದಲ್ಲೇ ಹೆಸರಿಸುವುದು ರಕ್ತಪಿತ್ತವನ್ನು. ಸುಶ್ರುತಸಂಹಿತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರಕ್ತಪಿತ್ತದ ರೋಗಿಗೆ ಮಜ್ಜಿಗೆಯನ್ನೂ ಕೊಡಬಾರದು ಎನ್ನುತ್ತದೆ.

ರಕ್ತ ತಡೆಯಲೆಂದು ತಿನ್ನುವ ಹೂವಿನ ಜೊತೆ ರಕ್ತಪಿತ್ತ ಕೆರಳಿಸುವ ಮೊಸರನ್ನು ಬೆರೆಸುವುದು ಆ ಶಾಸ್ತ್ರದ ಒಳಗೇ ಹೊಂದುವುದಿಲ್ಲ. ಇದನ್ನು ನೋಡಿದ ಮೇಲೆ ನಾನು ಎರಡು ದಾರಿಗಳನ್ನು ಬೇರೆ ಬೇರೆ ಇಡುತ್ತೇನೆ. ಸ್ರಾವ ಹೆಚ್ಚಿರುವಾಗ ತುಪ್ಪ ಮತ್ತು ಸೈಂಧವದ ಪಲ್ಯ. ಹೊಟ್ಟೆ ಸಡಿಲವಾದಾಗ ಮಜ್ಜಿಗೆಯ ತಂಬುಳಿ, ಏಕೆಂದರೆ ಕರುಳಿನ ತೊಂದರೆಗಳಲ್ಲಿ ಇದೇ ಗ್ರಂಥಗಳು ಮಜ್ಜಿಗೆಯನ್ನು ಬಾಯಿತುಂಬ ಹೊಗಳುತ್ತವೆ. ನೆನೆಸಲು ಬಳಸಿದ ಮಜ್ಜಿಗೆ ನೀರು ಹಿಂಡುವಾಗ ಹೋಗಿಬಿಡುವುದರಿಂದ ಅದರ ಚಿಂತೆ ಬೇಡ.

ತುಪ್ಪದ ಪಲ್ಯ

ಇಬ್ಬರ ಊಟಕ್ಕೆ ಬೆಂದ ಬಾಳೆಹೂವು ಒಂದು ಬಟ್ಟಲು, ಅರ್ಧ ಗಂಟೆ ನೆನೆಸಿದ ಹೆಸರುಬೇಳೆ ಮೂರು ದೊಡ್ಡ ಚಮಚ, ತುಪ್ಪ ಎರಡು ಚಮಚ, ಜೀರಿಗೆ ಅರ್ಧ ಚಮಚ, ಕೊತ್ತಂಬರಿ ಬೀಜದ ಪುಡಿ ಒಂದು ಚಮಚ, ಕರಿಬೇವು ಒಂದು ಎಸಳು, ತೆಂಗಿನ ತುರಿ ಎರಡು ದೊಡ್ಡ ಚಮಚ, ಸೈಂಧವ ಲವಣ ರುಚಿಗೆ.

ಬಾಣಲೆಯಲ್ಲಿ ತುಪ್ಪ ಕಾಯಿಸಿ ಜೀರಿಗೆ ಸಿಡಿಸಿ, ಕರಿಬೇವು ಹಾಕಿ. ನೆನೆದ ಹೆಸರುಬೇಳೆ ಸುರಿದು ಒಂದು ನಿಮಿಷ ಹುರಿದು, ಕಾಲು ಲೋಟ ನೀರು ಚಿಮುಕಿಸಿ ಮುಚ್ಚಿಡಿ. ಬೇಳೆ ಬೆರಳಲ್ಲಿ ಒತ್ತಿದರೆ ಮುರಿಯುವಷ್ಟು ಬೆಂದಾಗ ಹೂವನ್ನೂ ಅದರ ರಸವನ್ನೂ ಸೇರಿಸಿ, ಉಪ್ಪು ಹಾಕಿ, ಸಣ್ಣ ಉರಿಯಲ್ಲಿ ಐದು ನಿಮಿಷ ಬಿಡಿ. ಕೊತ್ತಂಬರಿ ಪುಡಿ, ತೆಂಗಿನ ತುರಿ ಬೆರೆಸಿ ಇಳಿಸಿ. ಒಣಮೆಣಸು, ಸಾಸಿವೆ, ಬೆಳ್ಳುಳ್ಳಿ, ಇಂಗು ಇವನ್ನು ಬೇಕೆಂದೇ ಬಿಟ್ಟಿದ್ದೇನೆ. ಇವೆಲ್ಲ ಉಷ್ಣ, ಸ್ರಾವ ಹೆಚ್ಚಿರುವ ದಿನಗಳಲ್ಲಿ ಬೇಡ. ಮೆಣಸಿಲ್ಲದೆ ಸಪ್ಪೆ ಎನಿಸುತ್ತದೆ ಎಂಬ ಅನುಮಾನವಿದ್ದರೆ ಒಮ್ಮೆ ಮಾಡಿ ನೋಡಿ. ಒಗರು ಮತ್ತು ತುಪ್ಪ ಎರಡೂ ಸೇರಿದಾಗ ಈ ಪಲ್ಯಕ್ಕೆ ಅದರದೇ ಆದ ಗಟ್ಟಿ ರುಚಿಯಿದೆ.

ಮಧ್ಯಾಹ್ನದ ಊಟದಲ್ಲಿ ಬಿಸಿ ಅನ್ನದ ಜೊತೆ ಅರ್ಧ ಬಟ್ಟಲು. ಹೂವು ಜೀರ್ಣಕ್ಕೆ ಭಾರ ಎಂದು ಗ್ರಂಥವೇ ಹೇಳಿರುವುದರಿಂದ ರಾತ್ರಿಗಿಂತ ಮಧ್ಯಾಹ್ನ ಮೇಲು. ಮುಟ್ಟು ಶುರುವಾದ ದಿನದಿಂದ ಮೂರು ನಾಲ್ಕು ದಿನ ಹೀಗೆ ಉಣ್ಣುವುದು ಮನೆಗಳಲ್ಲಿರುವ ರೂಢಿ. ಉಳಿದ ದಿನಗಳಲ್ಲಿ ವಾರಕ್ಕೊಂದು ಸಲ ಊಟದ ಪಲ್ಯವಾಗಿ ಮಾಡಿಕೊಂಡರೆ ಸಾಕು.

ತಂಬುಳಿ

ಸಡಿಲ ಹೊಟ್ಟೆಗೆ ಪಲ್ಯ ಕೊಡಬೇಡಿ. ಅದರ ನಾರು ಕೆಟ್ಟ ಹೊಟ್ಟೆಯನ್ನು ಇನ್ನಷ್ಟು ಕೆರಳಿಸುತ್ತದೆ. ಅರೆದು ಸೋಸಿದ ತಂಬುಳಿಯಾದರೆ ಒಗರು ಸಿಗುತ್ತದೆ, ನಾರು ಕಳೆಯುತ್ತದೆ.

ಅರ್ಧ ಬಟ್ಟಲು ಬೆಂದ ಹೂವನ್ನು ಅರ್ಧ ಚಮಚ ತುಪ್ಪದಲ್ಲಿ, ಅರ್ಧ ಚಮಚ ಜೀರಿಗೆ ಮತ್ತು ನಾಲ್ಕು ಕಾಳುಮೆಣಸಿನ ಜೊತೆ ಘಮ ಬರುವವರೆಗೆ ಬಾಡಿಸಿ. ಪೂರ್ತಿ ಆರಿದ ಮೇಲೆ ಎರಡು ಚಮಚ ತೆಂಗಿನ ತುರಿ ಸೇರಿಸಿ ನುಣ್ಣಗೆ ಅರೆಯಿರಿ. ತೆಳ್ಳನೆಯ ಬಟ್ಟೆಯಲ್ಲಿ ಅಥವಾ ದೊಡ್ಡ ಕಣ್ಣಿನ ಸೋಸುಕದಲ್ಲಿ ಸೋಸಿ. ಆ ರಸಕ್ಕೆ ಬೆಣ್ಣೆ ತೆಗೆದ, ಹೆಚ್ಚು ಹುಳಿಯಿಲ್ಲದ ಮಜ್ಜಿಗೆ ಒಂದೂವರೆ ಲೋಟ, ಉಪ್ಪು ಬೆರೆಸಿ. ತುಪ್ಪದಲ್ಲಿ ಜೀರಿಗೆ, ಕರಿಬೇವಿನ ಒಗ್ಗರಣೆ ಕೊಡಿ. ಇನ್ನು ಒಲೆಗೆ ಇಡಬಾರದು, ತಂಬುಳಿಯನ್ನು ಬಿಸಿ ಮಾಡಿದರೆ ಒಡೆಯುತ್ತದೆ. ಮೆತ್ತಗಿನ ಅನ್ನಕ್ಕೆ ಕಲಸಿಕೊಂಡು ಉಣ್ಣಬೇಕು, ಇಲ್ಲವೇ ಹಾಗೆಯೇ ಕುಡಿಯಬೇಕು. ಇದು ಒಂದೆರಡು ದಿನದ ಸಾಮಾನ್ಯ ಸಡಿಲಕ್ಕೆ ಮಾತ್ರ. ಜ್ವರ ಅಥವಾ ರಕ್ತ ಇರುವ ಭೇದಿಗೆ, ಮಕ್ಕಳ ವಾಂತಿಭೇದಿಗೆ ಮೊದಲು ಓಆರ್‌ಎಸ್, ಕೂಡಲೇ ವೈದ್ಯರು.

ಬಾಳೆಹೂವಿನ ವಡೆಯೂ ಮಸಾಲೆ ಗೊಜ್ಜೂ ನನಗೆ ಪ್ರಿಯ. ಅವು ಹಬ್ಬದ ಅಡುಗೆ, ಮದ್ದಿನ ಲೆಕ್ಕಕ್ಕೆ ಸೇರಿಸಬೇಡಿ.

ರಕ್ತ ಹೆಚ್ಚಿಸುತ್ತದೆಯೇ

ಬಾಳೆಹೂವು ತಿಂದರೆ ರಕ್ತ ಹೆಚ್ಚುತ್ತದೆ ಎನ್ನುವ ಮಾತನ್ನು ಸ್ವಲ್ಪ ತಿದ್ದಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವವರಿಗಂತೂ ಕಬ್ಬಿಣಾಂಶ ತಿಂಗಳು ತಿಂಗಳೂ ಸೋರುತ್ತಿರುತ್ತದೆ. ಇಂಥವರು ಬಾಳೆಹೂವಿನಲ್ಲಿ ಕಬ್ಬಿಣವಿದೆ ಎಂದು ನಂಬಿ ಮಾತ್ರೆ ಬಿಟ್ಟರೆ ಕೆಡುಕೇ ಆಗುತ್ತದೆ. ಒಗರು ಬರುವುದು ಟ್ಯಾನಿನ್‌ಗಳಿಂದ. ಚಹಾದಲ್ಲಿರುವುದೂ ಅದೇ ಜಾತಿಯ ಪದಾರ್ಥ, ಮತ್ತು ಅದು ಸಸ್ಯಾಹಾರದ ಕಬ್ಬಿಣವನ್ನು ಕರುಳು ಹೀರದಂತೆ ತಡೆಯುತ್ತದೆ. ಆದ್ದರಿಂದ ವೈದ್ಯರು ಬರೆದುಕೊಟ್ಟ ಕಬ್ಬಿಣದ ಮಾತ್ರೆಯನ್ನು ಈ ಪಲ್ಯದ ಊಟದೊಡನೆ ನುಂಗಬೇಡಿ, ನಡುವೆ ಎರಡು ಗಂಟೆಯಾದರೂ ಬಿಡಿ. ಊಟದಲ್ಲಿ ಹಸಿ ನೆಲ್ಲಿಕಾಯಿಯ ತುರಿಯನ್ನು ಒಂದು ಚಮಚ ಇಟ್ಟುಕೊಳ್ಳಿ. ಅದರ ಸಿ ಜೀವಸತ್ವ ಕಬ್ಬಿಣ ಹೀರಲು ನೆರವಾಗುತ್ತದೆ, ಜೊತೆಗೆ ಆಯುರ್ವೇದದಲ್ಲಿ ಪಿತ್ತ ಕೆರಳಿಸದ ಹುಳಿ ಎಂದರೆ ನೆಲ್ಲಿ ಮತ್ತು ದಾಳಿಂಬೆ. ನಿಂಬೆಗಿಂತ ನೆಲ್ಲಿಯನ್ನು ನಾನು ಆರಿಸಿದ್ದು ಅದಕ್ಕೆ.

ಬಾಳೆಹೂವು ಸ್ರಾವವನ್ನು ತುಸು ತಗ್ಗಿಸಲು ನೆರವಾಗಬಹುದು. ಆಗಲೇ ಹೋದ ರಕ್ತವನ್ನು ತುಂಬಿಕೊಡುವ ಕೆಲಸ ಅದರದಲ್ಲ.

ಸಕ್ಕರೆ ಕಾಯಿಲೆ, ಮೂತ್ರದ ಕಲ್ಲು

ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ವಿಜ್ಞಾನಿಗಳು ಏಲಕ್ಕಿ ಬಾಳೆಯ ಹೂವು ಮತ್ತು ದಿಂಡನ್ನು ಮಧುಮೇಹ ಬರಿಸಿದ ಇಲಿಗಳಿಗೆ ಆಹಾರದಲ್ಲಿ ಕೊಟ್ಟು, ರಕ್ತದ ಸಕ್ಕರೆ ತಗ್ಗಿದ್ದನ್ನು 2011ರಲ್ಲಿ ಪ್ರಕಟಿಸಿದ್ದಾರೆ. ನಮ್ಮದೇ ತಳಿಯ ಮೇಲೆ ನಮ್ಮದೇ ಊರಲ್ಲಿ ನಡೆದ ಕೆಲಸವೆಂದು ನನಗೆ ಅದರ ಮೇಲೆ ಅಭಿಮಾನವಿದೆ. ಆದರೆ ಅದು ಇಲಿಗಳ ಮೇಲಿನ ಪ್ರಯೋಗ. ಮಧುಮೇಹಿಗಳು ಬಾಳೆಹೂವನ್ನು ನಾರಿರುವ, ಪಿಷ್ಟ ಕಡಿಮೆಯಿರುವ ಒಳ್ಳೆಯ ತರಕಾರಿಯೆಂದು ಧಾರಾಳವಾಗಿ ತಿನ್ನಬಹುದು. ಅದನ್ನು ನಂಬಿ ಮಾತ್ರೆಯ ಪ್ರಮಾಣ ಇಳಿಸಬಾರದು.

ಮೂತ್ರದ ಕಲ್ಲಿಗೆ ಮನೆಮದ್ದಾಗಿ ಹೇಳುವುದು ಬಾಳೆದಿಂಡಿನ ರಸವನ್ನು, ಹೂವನ್ನಲ್ಲ. ಎರಡನ್ನೂ ಬೆರೆಸಿ ಹೇಳುವವರಿದ್ದಾರೆ.

ಯಾರಿಗೆ ಬೇಡ

ಮಲಬದ್ಧತೆ ಇರುವವರಿಗೆ ಒಗರು ಇನ್ನಷ್ಟು ಬಿಗಿ ಮಾಡುತ್ತದೆ. ತಿನ್ನಲೇಬೇಕೆಂದರೆ ತುಪ್ಪ ಹೆಚ್ಚಿಸಿ, ನೀರು ಚೆನ್ನಾಗಿ ಕುಡಿದು, ಅಪರೂಪಕ್ಕೆ. ಮೂತ್ರಪಿಂಡದ ಕಾಯಿಲೆಯಿಂದ ಪೊಟ್ಯಾಸಿಯಂ ಮಿತಿ ಹೇಳಿಸಿಕೊಂಡವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಬಾಳೆಹಣ್ಣು ತಿಂದರೆ ಬಾಯಿ ತುರಿಸುವವರಿಗೆ, ರಬ್ಬರ್ ಕೈಗವಸು ತೊಟ್ಟರೆ ಚರ್ಮ ಏಳುವವರಿಗೆ ಇದೂ ಒಗ್ಗದಿರಬಹುದು. ರಬ್ಬರಿನ ಅಲರ್ಜಿಗೂ ಬಾಳೆಯ ಅಲರ್ಜಿಗೂ ನಂಟಿದೆ. ಅಂಥವರು ಬಿಡಿಸುವ ಕೆಲಸದಿಂದಲೂ ದೂರವಿರಲಿ. ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿ ಹೆಚ್ಚು ದಿನವಾಗದವರಿಗೆ ನಾರಿನ ಪಲ್ಯ ಬೇಡ. ಬಸುರಿಯರು ಊಟದಲ್ಲಿ ಒಂದು ಪಲ್ಯವಾಗಿ ತಿನ್ನಲು ಅಡ್ಡಿಯಿಲ್ಲ. ಮದ್ದೆಂದು ದಿನಾ ತಿನ್ನುವುದು ಬೇಡ. ಬಾಣಂತಿಯರು ಮೊದಲ ವಾರಗಳಲ್ಲಿ ಬಿಟ್ಟು, ಹಸಿವು ಸರಿಹೋದ ಮೇಲೆ ಶುರುಮಾಡುವುದು ಒಳ್ಳೆಯದು.

ವೈದ್ಯರ ಬಳಿ ಹೋಗಬೇಕಾದ ಹೊತ್ತು

ಇದನ್ನು ಮನೆಯ ಹೆಣ್ಣುಮಕ್ಕಳಿಗೆಲ್ಲ ಹೇಳಿಕೊಡಿ. ಗಂಟೆಗೊಂದು ಪ್ಯಾಡ್ ಒದ್ದೆಯಾಗಿ ಅದು ಕೆಲವು ಗಂಟೆ ಹಾಗೆಯೇ ಮುಂದುವರಿದರೆ, ರಕ್ತ ಏಳು ದಿನ ಮೀರಿದರೆ, ಎರಡೂವರೆ ಸೆಂಟಿಮೀಟರಿಗಿಂತ ದೊಡ್ಡ ಹೆಪ್ಪುಗಳು ಬಿದ್ದರೆ, ಎದ್ದು ನಿಂತಾಗ ತಲೆ ಸುತ್ತಿದರೆ, ಮೆಟ್ಟಿಲು ಹತ್ತಿದರೆ ಏದುಸಿರು ಬಂದರೆ ಪಲ್ಯ ಮಾಡುತ್ತ ಕೂರಬಾರದು. ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ), ಥೈರಾಯ್ಡ್, ರಕ್ತ ಹೆಪ್ಪುಗಟ್ಟದ ತೊಂದರೆ ಹೀಗೆ ಕಾರಣಗಳು ಬೇರೆ ಬೇರೆ ಇರುತ್ತವೆ, ಸ್ಕ್ಯಾನ್ ಮತ್ತು ರಕ್ತ ಪರೀಕ್ಷೆ ಇಲ್ಲದೆ ತಿಳಿಯುವುದಿಲ್ಲ. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ, ಬಸುರಿನಲ್ಲಿ ರಕ್ತ ಕಂಡರೂ ಅದೇ ದಿನ ತೋರಿಸಬೇಕು. ಹೊಸದಾಗಿ ಮುಟ್ಟಾದ ಹುಡುಗಿಯರಿಗೆ ಹೀಗೇ ಇರುತ್ತದೆ ಎಂದು ಸುಮ್ಮನಾಗುವ ಮನೆಗಳೇ ಹೆಚ್ಚು. ಆ ವಯಸ್ಸಿನಲ್ಲಿ ಮೊದಲ ಮುಟ್ಟಿನಿಂದಲೇ ಅತಿಯಾಗಿ ರಕ್ತ ಹೋದರೆ ರಕ್ತ ಹೆಪ್ಪುಗಟ್ಟುವಿಕೆಯ ಪರೀಕ್ಷೆ ಮಾಡಿಸುವುದು ಅಗತ್ಯ.

ಆಯುರ್ವೇದ ವೈದ್ಯರ ಬಳಿ ಹೋಗುವವರಾದರೂ ಇಂಥ ಲಕ್ಷಣಗಳಿದ್ದಾಗ ಪರೀಕ್ಷೆ ಮಾಡಿಸಿಕೊಂಡೇ ಹೋಗಿ. ಒಳ್ಳೆಯ ವೈದ್ಯರು ಆ ವರದಿಯನ್ನು ಕೇಳಿಯೇ ಕೇಳುತ್ತಾರೆ.

ಎತ್ತಿಡುವುದು, ದೂರದಲ್ಲಿರುವವರು

ಇಡೀ ಹೂವನ್ನು ಬಿಡಿಸದೆ ಕಾಗದದಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ಮೂರು ನಾಲ್ಕು ದಿನ ತಡೆಯುತ್ತದೆ, ಹೊರಗಿನ ಎಸಳು ಒಣಗಿದರೂ ಒಳಗಿನದು ಚೆನ್ನಾಗಿರುತ್ತದೆ. ಕೆಲಸಕ್ಕೆ ಹೋಗುವವರು ರಾತ್ರಿ ಹೂಗಳ ಕಡ್ಡಿ, ಸಿಪ್ಪೆ ತೆಗೆದು ಹೆಚ್ಚದೆ ಡಬ್ಬಿಯಲ್ಲಿಟ್ಟುಕೊಂಡರೆ ಬೆಳಗ್ಗೆ ಅರ್ಧ ಗಂಟೆ ನೆನೆಸುವುದಷ್ಟೇ ಬಾಕಿ. ಹೆಚ್ಚಿ ಆವಿಯಲ್ಲಿ ಬೇಯಿಸಿದ್ದನ್ನು ಫ್ರೀಜರಿನಲ್ಲಿಟ್ಟು ಮುಂದಿನ ತಿಂಗಳಿಗೂ ಬಳಸಬಹುದು, ಬಣ್ಣ ತುಸು ಮಂಕಾಗುತ್ತದೆ.

ಪರದೇಶದಲ್ಲಿರುವವರಿಗೆ ವಿಯೆಟ್ನಾಂ, ಥಾಯ್ ಅಂಗಡಿಗಳಲ್ಲಿ ತಾಜಾ ಬಾಳೆಹೂವು ಸಿಗುತ್ತದೆ, ಆ ಕಡೆಯವರೂ ಇದನ್ನು ಹಸಿಯಾಗಿಯೇ ಸಲಾಡಿಗೆ ಹಾಕಿ ತಿನ್ನುತ್ತಾರೆ. ಉಪ್ಪುನೀರಿನ ಡಬ್ಬಿಯಲ್ಲಿ ಬರುವ ಹೂವು ಮೊದಲೇ ಬೆಂದು ಒಗರು ಕಳೆದುಕೊಂಡಿರುತ್ತದೆ, ಉಪ್ಪೂ ವಿಪರೀತ. ಅದರಿಂದ ಕಟ್ಲೆಟ್ ಮಾಡಬಹುದು, ಮೇಲಿನ ತುಪ್ಪದ ಪಲ್ಯಕ್ಕೂ ತಂಬುಳಿಗೂ ತಾಜಾ ಹೂವೇ ಬೇಕು.